ಒಂದು ಮಗ್ ನೀರಿನ ಪಾಠ

ಹನ್ನೊಂದು ವರ್ಷದಿಂದ ತಾತ್ಕಾಲಿಕವಾಗಿಯೇ ಉಳಿದಿದ್ದ ಮೇಷ್ಟ್ರ ಸ್ಕೂಟರು, ಅವರ ಕೆಲಸ ಕಾಯಂ ಆಗಬೇಕಾದ ದಿನವೇ ಮಳೆಯಲ್ಲಿ ನೆನೆದು ಮೌನವ್ರತ ಹಿಡಿಯಿತು.

ಮೇಷ್ಟ್ರು ಪಾಠ ಮಾಡುತ್ತಿದ್ದುದು ವಾಹನ ರಿಪೇರಿ ಕಲಿಸುವ ತರಬೇತಿ ಶಾಲೆಯಲ್ಲಿ. ಮಳೆಯಲ್ಲಿ ಎಂಜಿನ್ನಿಗೆ ಕಿಡಿ ಯಾಕೆ ಹುಟ್ಟುವುದಿಲ್ಲ, ಹುಟ್ಟಿಸುವುದು ಹೇಗೆ ಎನ್ನುವುದೇ ಅವರ ಮುಖ್ಯ ಪಾಠ. ಇವತ್ತು ಹನ್ನೊಂದು ಗಂಟೆಗೆ ಪರೀಕ್ಷಕರು ಬಂದು, ಅದೇ ಪಾಠ ನೋಡಿ, ಮೂವತ್ತಕ್ಕೆ ಹದಿನೈದು ಅಂಕ ಕೊಟ್ಟರೆ ಕೆಲಸ ಕಾಯಂ. ಇಲ್ಲದಿದ್ದರೆ ಮತ್ತೆ ಒಂದು ವರ್ಷ ತಾತ್ಕಾಲಿಕ. ಮೇಷ್ಟ್ರಿಗೆ ನಲವತ್ತೊಂಬತ್ತು ತುಂಬಿತ್ತು. ಆಸೆ ಪಡುವುದಕ್ಕೂ ಸುಸ್ತಾಗುವ ವಯಸ್ಸು. "ಇನ್ನೂ ಆಗಿಲ್ವಾ ಮೇಷ್ಟ್ರೇ?" ಎಂದು ಬೀದಿಯವರು ಕೇಳುವುದು ನಿಂತರೆ ಸಾಕಾಗಿತ್ತು ಅವರಿಗೆ.

ಇಪ್ಪತ್ತೊಂದನೆಯ ಸಲ ಕಿಕ್ ಒದ್ದಾಗ ಹೆಂಡತಿ ಬಾಗಿಲಿಗೆ ಬಂದಳು.

"ರೀ, ಅದನ್ನ ಒದ್ದಿದ್ದು ಸಾಕು. ಬಸ್ಸಲ್ಲಿ ಹೋಗಿ."

"ರಿಪೇರಿ ಮೇಷ್ಟ್ರು ಬಸ್ಸಿಂದ ಇಳಿದ್ರೆ ನೋಡಿದೋರು ಏನಂದ್ಕೋತಾರೆ?"

"ಲೇಟಾಗಿ ಹೋದ್ರೆ ಏನಂದ್ಕೋತಾರೋ ಅದನ್ನೂ ಯೋಚನೆ ಮಾಡಿ" ಎಂದು ಅವಳು ಒಳಗೆ ಹೋದಳು.

ರೋಗ ಏನೆಂದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಕಿಡಿ ಹುಟ್ಟಿಸುವ ಪ್ಲಗ್ಗಿನ ಮೇಲಿನ ರಬ್ಬರ್ ಟೋಪಿಯೊಳಗೆ ನೀರು ಇಳಿದಿದೆ. ತೆಗೆದು, ಒಣಬಟ್ಟೆಯಲ್ಲಿ ಒರೆಸಿದರೆ ಐದು ನಿಮಿಷದ ಕೆಲಸ. ಬಟ್ಟೆ ತರಲು ಅವರು ಒಳಗೆ ಹೋಗಿದ್ದೇ ತಪ್ಪಾಯಿತು. ಹೊರಗೆ ಬರುವಷ್ಟರಲ್ಲಿ ಎದುರುಮನೆಯ ಟೈಲರ್ ಸ್ಕೂಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ.

"ಪೆಟ್ರೋಲ್ ಓವರ್ ಆಗಿದೆ ಮೇಷ್ಟ್ರೇ. ಬಗ್ಗಿಸಬೇಕು."

"ಅಲ್ಲಪ್ಪಾ, ಪ್ಲಗ್ ಟೋಪೀಲಿ ನೀರು..."

"ನೀವು ಪಾಠ ಮಾಡೋರು. ಇದು ರಿಪೇರಿ ವಿಷಯ, ಸ್ವಲ್ಪ ಸುಮ್ನಿರಿ" ಎಂದವನೇ ಟೈಲರ್ ಸ್ಕೂಟರನ್ನು ಒಂದು ಮಗ್ಗುಲಿಗೆ ಮಲಗಿಸಿದ. ಅಷ್ಟರವರೆಗೆ ಒಣಗಿದ್ದ ಇನ್ನೊಂದು ಮಗ್ಗುಲೂ ಈಗ ಮಳೆಗೆ ಸಿಕ್ಕಿತು.

ಅಷ್ಟೊತ್ತಿಗೆ ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ಛತ್ರಿ ಹಿಡಿದು ಬಂದರು. ಮೂವತ್ತು ವರ್ಷ ಡೀಸೆಲ್ ಬಸ್ಸು ಓಡಿಸಿದವರು. ಅದರಲ್ಲಿ ಪ್ಲಗ್ಗೇ ಇರುವುದಿಲ್ಲ. ಆದರೂ ಪ್ಲಗ್ ಬಿಚ್ಚಿಸಿ, ಮೂಗಿನ ಹತ್ತಿರ ಹಿಡಿದು, "ಕರೀ ಆಗಿದೆ, ಇದನ್ನ ಸುಡಬೇಕು" ಎಂದು ತೀರ್ಪು ಕೊಟ್ಟರು. ಪ್ಲಗ್ಗು ಮೇಷ್ಟ್ರ ಅಡುಗೆಮನೆಯ ಒಲೆ ಸೇರಿತು. ಮಹಡಿಯ ಮೇಲಿನ ಮನೆ ಒಡತಿ ಕೂದಲು ಒಣಗಿಸುವ ಯಂತ್ರ ಹಿಡಿದು ಇಳಿದು ಬಂದರು. ವೈರು ಮೆಟ್ಟಿಲ ಅರ್ಧಕ್ಕೇ ಮುಗಿಯಿತು. "ಸ್ಕೂಟರ್‌ನೇ ಮೇಲೆ ತನ್ನಿ" ಎಂದರು ಆಕೆ. ತಂದರು! ನಾಲ್ಕು ಜನ ಸೇರಿ, ಏಳು ಮೆಟ್ಟಿಲು. ಎಂಟನೆಯ ಮೆಟ್ಟಿಲಿಗೆ ಟೈಲರ್ ಜಾರಿದ, ಸ್ಕೂಟರು ಹಿಮ್ಮುಖವಾಗಿ ಇಳಿದು ಅಂಗಳದ ಕೆಸರು ನೀರಿನಲ್ಲಿ ಕೂತಿತು.

"ಏನೇ ಹೇಳಿ, ಒಂದು ಗಂಟೆ ಹಾಗೇ ಬಿಟ್ರೆ ತಾನೇ ಸ್ಟಾರ್ಟ್ ಆಗುತ್ತೆ" ಎಂದು ಡ್ರೈವರ್ ಹೇಳಿ ಛತ್ರಿ ಸಮೇತ ಹೊರಟುಹೋದರು.

ಮೇಷ್ಟ್ರ ಹತ್ತಿರ ಒಂದು ಗಂಟೆ ಇರಲಿಲ್ಲ. ಕೆಸರು ನೀರು ಕುಡಿದ ಎಂಜಿನ್ನಿಗೆ ಈಗ ಐದು ನಿಮಿಷದ ಒಣಬಟ್ಟೆ ಸಾಲುತ್ತಲೂ ಇರಲಿಲ್ಲ. ಸುಟ್ಟ ಪ್ಲಗ್ಗನ್ನು ಹಾಕಿಕೊಂಡು, ಸ್ಕೂಟರನ್ನು ತಳ್ಳುತ್ತಾ ಹೊರಟರು. ಒಂದೂವರೆ ಮೈಲಿ. ದಾರಿಯಲ್ಲಿ ಅಂಗಡಿಯೊಂದರ ಸೂರಿನ ಕೆಳಗೆ ನಿಂತು, ಶಾಲೆಯ ಸ್ಟೋರ್ ಕೀಪರಿಗೆ ಫೋನು ಮಾಡಿದರು. ಅವನೂ ಒಂಬತ್ತು ವರ್ಷದ ತಾತ್ಕಾಲಿಕ, ಮೇಷ್ಟ್ರೆಂದರೆ ಪ್ರಾಣ.

"ಪಾಠದ ಎಂಜಿನ್ ಹೊರಗಿಟ್ಟಿರು ಮಾರಾಯ. ನನ್ನ ಸ್ಕೂಟರು ನೆನೆದು ಕೈ ಕೊಟ್ಟಿದೆ, ತಳ್ಕೊಂಡು ಬರ್ತಿದ್ದೀನಿ."

"ಅಯ್ಯೋ, ಇವತ್ತೇನಾ! ನೀವೇನೂ ಯೋಚನೆ ಮಾಡ್ಬೇಡಿ ಮೇಷ್ಟ್ರೇ, ಎಲ್ಲಾ ನಾನು ನೋಡ್ಕೋತೀನಿ."

ಸದ್ಯ, ಇವನೊಬ್ಬನಾದರೂ ಇದ್ದಾನಲ್ಲ ಎಂದು ಮೇಷ್ಟ್ರಿಗೆ ಕಣ್ಣು ತುಂಬಿ ಬಂತು.

ಅದೃಷ್ಟಕ್ಕೆ ಪರೀಕ್ಷಕರೂ ಮಳೆಯಿಂದ ಒಂದು ಗಂಟೆ ತಡವಾಗಿ ಬಂದರು. ಮೇಷ್ಟ್ರು ಸ್ಕೂಟರನ್ನು ಶೆಡ್ಡಿನಲ್ಲಿ ಫ್ಯಾನಿನ ಕೆಳಗೆ ನಿಲ್ಲಿಸಿ, ಅಂಗಿ ಹಿಂಡಿಕೊಂಡು, ತಲೆ ಬಾಚಿಕೊಂಡು ಸಿದ್ಧರಾಗಿದ್ದರು. ಪರೀಕ್ಷಕರ ಕೈಯಲ್ಲಿ ಒಂದು ಹಾಳೆ. ಅದರಲ್ಲಿ ಮೂರು ಸಾಲು: ದೋಷ ಉಂಟುಮಾಡುವುದು, ಹುಡುಕುವುದು, ಸರಿಪಡಿಸುವುದು. ಒಂದೊಂದಕ್ಕೆ ಹತ್ತು ಅಂಕ.

ಪಾಠದ ಎಂಜಿನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತಿತ್ತು. ಅದರ ಪ್ಲಗ್ ಟೋಪಿಯಲ್ಲಿ ಒಂದು ಸೀಳು. ಓಡುತ್ತಿರುವಾಗ ಒಂದು ಮಗ್ ನೀರು ಹೊಯ್ದರೆ ಸಾಕು, ಎರಡು ಸಲ ಕೆಮ್ಮಿ ನಿಲ್ಲುತ್ತಿತ್ತು. ಆಮೇಲೆ ಮೇಷ್ಟ್ರು ಪ್ಲಗ್ ಬಿಚ್ಚಿ ಲೋಹಕ್ಕೆ ತಾಗಿಸಿ ಕಿಡಿ ನೋಡುವುದು, ಟೋಪಿ ಒರೆಸುವುದು, ಮತ್ತೆ ಸ್ಟಾರ್ಟ್ ಮಾಡುವುದು. ಹನ್ನೊಂದು ವರ್ಷ ತಪ್ಪದೆ ನಡೆದ ಪಾಠ.

ಮೇಷ್ಟ್ರು ಎಂಜಿನ್ ಶುರುಮಾಡಿದರು. "ಈಗ ಮಳೆ ಬಂತು ಅಂತ ಇಟ್ಕೊಳ್ಳಿ" ಎಂದು ಮಗ್ ನೀರು ಹೊಯ್ದರು.

ಎಂಜಿನ್ನು ಓಡುತ್ತಲೇ ಇತ್ತು.

"ಸಣ್ಣ ಮಳೆ" ಎಂದು ಮೇಷ್ಟ್ರು ನಕ್ಕು, ಇನ್ನೊಂದು ಮಗ್ ಹೊಯ್ದರು. ಇನ್ನೊಂದು. ಆಮೇಲೆ ಬಕೆಟ್ಟನ್ನೇ ಎತ್ತಿ ಸುರಿದರು. ಪರೀಕ್ಷಕರ ಬೂಟಿನೊಳಗೆ ನೀರು ಹೋಯಿತು. ಎಂಜಿನ್ನು ಮಾತ್ರ ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗು.

ಬಗ್ಗಿ ನೋಡಿದರೆ ಹೊಸ ಟೋಪಿ! ಅದರ ಮೇಲೆ ಟೇಪು, ಟೇಪಿನ ಮೇಲೆ ಗ್ರೀಸು, ಗ್ರೀಸಿನ ಮೇಲೆ ಅಂಟು. ಸ್ಟೋರ್ ಕೀಪರ್ ಮೂಲೆಯಿಂದ ಹೆಮ್ಮೆಯಲ್ಲಿ ತಲೆಯಾಡಿಸುತ್ತಿದ್ದ. ಮೇಷ್ಟ್ರು ಟೋಪಿ ಹಿಡಿದು ಎಳೆದರು. ಅದು ಜಪ್ಪಯ್ಯ ಅನ್ನಲಿಲ್ಲ.

"ಕೈಯಿಂದ ಕಿತ್ತರೆ ಅದು ಮಳೆಯ ದೋಷ ಅಲ್ಲ, ನಿಮ್ಮ ದೋಷ ಆಗುತ್ತೆ" ಎಂದರು ಪರೀಕ್ಷಕರು.

ಮೇಷ್ಟ್ರು ಹತಾಶರಾದರು. ಮರುಕ್ಷಣವೇ ಹೊಳೆಯಿತು. "ಸಾರ್, ಶೆಡ್ಡಲ್ಲಿ ನನ್ನ ಸ್ಕೂಟರಿದೆ. ಬೆಳಿಗ್ಗೆಯಿಂದ ಕಿಡಿ ಇಲ್ಲ. ಅಸಲಿ ದೋಷ ಸಾರ್! ಬನ್ನಿ, ಅದರಲ್ಲೇ ತೋರಿಸ್ತೀನಿ."

ಎಲ್ಲರೂ ಶೆಡ್ಡಿಗೆ ಹೋದರು. ಮೇಷ್ಟ್ರು ಬದುಕಿನಲ್ಲಿ ಮೊದಲ ಸಲ, ಸ್ಟಾರ್ಟ್ ಆಗದಿರಲಿ ಎಂದು ಬೇಡಿಕೊಂಡು ಕಿಕ್ ಒದ್ದರು.

ಒಂದೇ ಒದೆಗೆ ಸ್ಟಾರ್ಟ್ ಆಯಿತು.

ಪರೀಕ್ಷಕರು ಒದ್ದೆ ಬೂಟಿನಲ್ಲಿ ಪಚಕ್ ಪಚಕ್ ಎಂದು ನಡೆದು ಹೋಗಿ ಹಾಳೆ ತುಂಬಿಸಿದರು. "ದೋಷ ಉಂಟಾಗಲಿಲ್ಲ. ಆದ್ದರಿಂದ ಬೋಧಕರ ಸಾಮರ್ಥ್ಯ ನೋಡುವ ಸಂದರ್ಭ ಬರಲಿಲ್ಲ. ಮುಂದಿನ ಮಳೆಗಾಲದಲ್ಲಿ ಪುನಃ ಪರೀಕ್ಷಿಸುವುದು." ಆಮೇಲೆ ತಲೆಯೆತ್ತಿ ಕೇಳಿದರು: "ಅಲ್ರೀ, ಬಕೆಟ್ ನೀರಿಗೂ ಜಗ್ಗದ ಹಾಗೆ ಆ ಎಂಜಿನ್ ಇಟ್ಟಿರೋದು ಯಾರು?"

ಸ್ಟೋರ್ ಕೀಪರ್ ನಾಚುತ್ತಾ ಕೈಯೆತ್ತಿದ.

"ಇಂಥ ಕೆಲಸಗಾರನ್ನ ತಾತ್ಕಾಲಿಕವಾಗಿ ಇಟ್ಕೊಂಡಿದ್ದೀರಲ್ಲ! ಇವತ್ತೇ ಶಿಫಾರಸು ಮಾಡ್ತೀನಿ."

ಪರೀಕ್ಷಕರು ಹೋದ ಮೇಲೆ ಮೇಷ್ಟ್ರು ಖಾಲಿ ತರಗತಿಯಲ್ಲಿ ಕೂತರು. ಸಿಟ್ಟು ಬರಬೇಕಿತ್ತು. ಅದಕ್ಕೂ ಮೈಯಲ್ಲಿ ಕಸುವಿರಲಿಲ್ಲ. ಸ್ಟೋರ್ ಕೀಪರ್ ಒಂದು ಬಿಳಿ ಹಾಳೆ ಹಿಡಿದು ಒಳಗೆ ಬಂದ. ಅವನ ಕಣ್ಣು ಒದ್ದೆಯಾಗಿತ್ತು.

"ಎಲ್ಲಾ ನಿಮ್ಮಿಂದ ಮೇಷ್ಟ್ರೇ. ನಿಮ್ಮ ಸ್ಕೂಟರಿನ ಹಾಗೆ ಇದೂ ನೆನೆದು ಕೈ ಕೊಡಬಾರದು ಅಂತ ಮಾಡಿದ್ದು, ಬೆಳಿಗ್ಗೆ ನಿಮ್ಮ ಫೋನ್ ಬರದಿದ್ರೆ ನಾನೆಲ್ಲಿ ಅದನ್ನ ಮುಟ್ತಿದ್ದೆ? ಈಗ ಕಾಯಂ ಮಾಡಿ ಅಂತ ಒಂದು ಅರ್ಜಿ ಬೇಕಂತೆ. ಅರ್ಜಿ ಎಲ್ಲಾ ನನಗೆ ಬರೆಯೋಕೆ ಬರಲ್ಲ. ನಿಮಗೆ ಹನ್ನೊಂದು ವರ್ಷದಿಂದ ಬರೆದು ಬರೆದು ಕೈ ಪಳಗಿದೆ."

ಮೇಷ್ಟ್ರು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಪೆನ್ನು ತೆಗೆದು, "ಮಾನ್ಯರೇ" ಎಂದು ಬರೆಯಲು ಶುರುಮಾಡಿದರು.