ದುಂಡು ಮುಡೆಯೂ ಬುಧವಾರದ ವ್ಯಾಗನ್ನೂ

ಸಹ್ಯತೀರ ರೈಲು ಸರಕು ಸೇವಾ ಕಂಪನಿಯ ವ್ಯವಸ್ಥಾಪಕರ ಸನ್ನಿಧಾನಕ್ಕೆ, ಅಂಕೋಲಾ ತಾಲೂಕು ಅವರ್ಸಾದ ಅಕ್ಕಿ ವ್ಯಾಪಾರಿ ದೇವಿದಾಸನು ಎರಡೂ ಕೈ ಜೋಡಿಸಿ, ಬಲಗೈಯಲ್ಲಿ ಇನ್ನೂ ಹುಲ್ಲಿನ ಸಿಬಿರು ಇರುವುದರಿಂದ ತುಸು ಓರೆಯಾಗಿ, ಮಾಡುವ ನಮಸ್ಕಾರಗಳು.

ಮಾನ್ಯರೇ,

ಮೊದಲು ಖರ್ಚಿನ ಬಾಬ್ತು ಹೇಳಿಬಿಡುತ್ತೇನೆ. ವ್ಯಾಪಾರಿಯ ಬಾಯಿಗೆ ಕುಶಲಪ್ರಶ್ನೆಗಿಂತ ಮುಂಚೆ ಅದೇ ಬರುತ್ತದೆ. ತಮ್ಮ ಕಂಪನಿಯ ಮೂಲಕ ನಾಲ್ಕು ಮುಡೆ ಬೀಜದ ಭತ್ತ ಕಳುಹಿಸಲು ಹೊರಟು ಖರ್ಚಾದದ್ದು ಇಷ್ಟು: ಅವರ್ಸಾದಿಂದ ಶಿರವಾಡ ರೈಲು ನಿಲ್ದಾಣಕ್ಕೆ ಮಂಜುವಿನ ಟೆಂಪೊ ಮೂರು ಸಲ, ನನ್ನದೊಂದು ಜೊತೆ ಚಪ್ಪಲಿ, ತಮ್ಮ ಕಚೇರಿಯ ಲೆಕ್ಕವಿಲ್ಲದಷ್ಟು ಕಾಗದ, ಮತ್ತು ಸೈಕಲ್ ಮೇಲೆ ಅಕ್ಕಿ ಹೊತ್ತು ಮಾರುತ್ತಿದ್ದ ಕಾಲದಿಂದ ಊರಲ್ಲಿ ನಾನು ಕೂಡಿಟ್ಟ ಮಾತಿನ ಬೆಲೆ. ಕೊನೆಯದಕ್ಕೆ ರಸೀದಿ ಇಲ್ಲ.

ತಮ್ಮ ಶಿರವಾಡದ ಕಚೇರಿಯ ಮುಂದೆ ಒಂದು ಸುಂದರ ಬೋರ್ಡು ಇದೆ. ‘ರೈತರ ಒಂದು ಹಿಡಿ ಧಾನ್ಯವನ್ನೂ ನಿರಾಕರಿಸುವುದಿಲ್ಲ, ಪ್ರತಿ ಬುಧವಾರ ಧಾನ್ಯದ ವ್ಯಾಗನ್ ತಪ್ಪದೆ ಹೊರಡುತ್ತದೆ, ಇದು ನಮ್ಮ ಕರಾರಿನ ಕರ್ತವ್ಯ’ ಎಂದು ಹಸಿರು ಅಕ್ಷರದಲ್ಲಿ ಬರೆದಿದೆ. ಅದನ್ನು ಓದಿಯೇ ನಾನು ನಮ್ಮೂರ ಮಾಸ್ತಮ್ಮನಿಗೆ ಮಾತು ಕೊಟ್ಟದ್ದು. ಆಕೆಯ ಮಗಳು ಉಮಾಳನ್ನು ಮಹಾರಾಷ್ಟ್ರದ ಕುಡಾಳದ ಕಡೆ, ಸಮುದ್ರದ ನೀರು ಒಳಬರುವ ಖಾಡಿ ದಂಡೆಯ ಊರಿಗೆ ಕೊಟ್ಟಿದೆ. ಹೋದ ವರ್ಷ ಅಲ್ಲಿ ಗದ್ದೆಗೆ ಉಪ್ಪುನೀರು ನುಗ್ಗಿ ಬಿತ್ತಿದ್ದೆಲ್ಲ ಸುಟ್ಟುಹೋಯಿತು. ಉಪ್ಪು ತಡೆಯುವ ಬೀಜ ಮಾಸ್ತಮ್ಮನ ಒಲೆಯ ಮೇಲಿನ ಅಟ್ಟದಲ್ಲಿತ್ತು. ಅದು ಮೃಗಶಿರೆಯ, ನಮ್ಮ ಬಾಯಲ್ಲಿ ಮಿರ್ಗದ, ಮಳೆಗೆ ಮುಂಚೆ ಉಮಾಳ ಗದ್ದೆ ಮುಟ್ಟಬೇಕು, ಮುಟ್ಟದಿದ್ದರೆ ಈ ವರ್ಷವೂ ಗದ್ದೆ ಬೀಳು. ‘ನೀನು ಹೊತ್ತು ತಿರುಗುವುದು ಬೇಡ ಮಾಸ್ತಕ್ಕಾ, ರೈಲಿನವರೇ ಮುಟ್ಟಿಸುತ್ತಾರೆ’ ಎಂದವನು ನಾನು.

ಮೊದಲ ಸಲ ಹೋದಾಗ ತಮ್ಮ ಗುಮಾಸ್ತ ಅಮಿತ, ದೇವರಂಥ ಹುಡುಗ, ಬಹಳ ಸಂಕಟದಿಂದ ತಿಳಿಸಿದ್ದೇನೆಂದರೆ, ತಮ್ಮ ಕಂಪ್ಯೂಟರಿನಲ್ಲಿ ಧಾನ್ಯವು ಚೀಲದಲ್ಲೋ ಡ್ರಮ್ಮಿನಲ್ಲೋ ಮಾತ್ರ ಇರುತ್ತದೆ. ಭತ್ತದ ಹುಲ್ಲಿನಿಂದ ಸುತ್ತಿ, ಹುಲ್ಲಿನ ಹಗ್ಗದಿಂದಲೇ ಬಿಗಿದು, ಕುಂಬಳಕಾಯಿಯಂತೆ ದುಂಡಗೆ ಕಟ್ಟಿದ ಮುಡೆಯು ಹೊರಗಿನಿಂದ ನೋಡಿದರೆ ಹುಲ್ಲು, ಹುಲ್ಲನ್ನು ಸಾಗಿಸುವ ಕರ್ತವ್ಯ ಕರಾರಿನಲ್ಲಿ ಇಲ್ಲ. “ನಂಗೆ ಗೊತ್ತು ಕಾಕಾ, ನಮ್ಮನೆ ಅಟ್ಟದ ಮೇಲೂ ಇತ್ತು. ಕಂಪ್ಯೂಟರಿಗೆ ಗೊತ್ತಿಲ್ಲ, ಎಂತ ಮಾಡುದು?” ಎಂದ. ಊರಿಗೆ ಬಂದು, ಮುಡೆ ಬಿಚ್ಚಿ ಚೀಲಕ್ಕೆ ಸುರಿಯೋಣವೇ ಎಂದು ಮಾಸ್ತಮ್ಮನನ್ನು ಕೇಳಿದೆ. “ಬೀಜದ ಮುಡೆ ಬಿಚ್ಚೂದು ಗದ್ದೆಗೆ ಇಳೂ ದಿನ. ಪ್ಯಾಟೆ ಕಟ್ಟೆ ಮೇಲೆ ಬಿಚ್ಚೂಕೆ ಅದೇನು ಮಂಡಕ್ಕಿಯಾ?” ಎಂದಳು.

ಎರಡನೆಯ ಬುಧವಾರ ಮುಡೆಯನ್ನೇ ಚೀಲದೊಳಗೆ ಇಳಿಸಿ ಒಯ್ದೆ. ಆಗ ಧಾನ್ಯವೆಂದು ಒಪ್ಪಿದ ಕಂಪ್ಯೂಟರು, ಉದ್ದ ಎಷ್ಟು, ಅಗಲ ಎಷ್ಟು ಎಂದು ಕೇಳಿತು. ದುಂಡಗಿನ ವಸ್ತುವಿಗೆ ಅದರಲ್ಲಿ ಮನೆಯೇ ಇರಲಿಲ್ಲ. ಭತ್ತಕ್ಕೆ ಮೂಲೆ ಇಲ್ಲದಿರುವುದು ನಮ್ಮದೇ ತಪ್ಪು. ಮುಂದಿನ ಬೆಳೆಯನ್ನು ಚೌಕಾಕಾರವಾಗಿ ಬೆಳೆಯಲು ಬೇಕಾದ ತರಬೇತಿಯನ್ನು ತಾವೇ ಕೊಡಿಸಬೇಕೆಂದು ಪ್ರಾರ್ಥನೆ. ಊರಿಗೆ ಮರಳಿದಾಗ ಮಾಸ್ತಮ್ಮ ಕೇಳಿದ್ದು ಇಷ್ಟೇ: “ತಮ್ಮಾ, ಆ ಬೋರ್ಡು ಓದೂಕೆ ಹಾಕಿದ್ದಾ, ಬರೇ ನೋಡೂಕಾ?”

ಮೂರನೆಯ ಬುಧವಾರ ಮಾಸ್ತಮ್ಮನೂ ಟೆಂಪೊ ಹತ್ತಿ ಬಂದಳು. ಆ ದಿನ ಅಮಿತನೇ ಒಂದು ದಾರಿ ಹುಡುಕಿದ. ಬಿತ್ತನೆ ಬೀಜ ಎಂದು ಒತ್ತಿದರೆ ಆಕಾರ ಕೇಳುವುದಿಲ್ಲವಂತೆ. ಒತ್ತಿದ. ಕಂಪ್ಯೂಟರು ಅದನ್ನು ‘ಜೀವಂತ ಸರಕು’ ಎಂದು ಕರೆದು ಹಸುಗಳ ಸಾಲಿಗೆ ಸೇರಿಸಿತು. ಮೇವು ಉಂಟೇ ಎಂದು ಕೇಳಿತು. ಉಂಟು ಎಂದೆವು, ತನ್ನ ಮೇವನ್ನು ತಾನೇ ಉಟ್ಟುಕೊಂಡು ಬಂದ ಪ್ರಾಣಿ ಬೇರೆಲ್ಲಿ ಸಿಕ್ಕೀತು? ಜೊತೆಗೆ ಆಳು ಉಂಟೇ ಎಂದಿತು, ನಾನೇ ಎಂದೆ. ಪಶುವೈದ್ಯರ ಪತ್ರ ಉಂಟೇ ಎಂದಿತು. ಓಡಿದೆ, ಚಪ್ಪಲಿ ಹೋದದ್ದು ಆಗಲೇ.

ಪಶುವೈದ್ಯೆ ವಿಜೇತಾ ಬಾಯಿ ನಗುತ್ತಲೇ ಟೆಂಪೊ ಹತ್ತಿ, ನಾಲ್ಕೂ ಮುಡೆಗಳಿಗೆ ಕಿವಿ ಹಚ್ಚಿ, ತಟ್ಟಿ ನೋಡಿ, ಪತ್ರ ಬರೆದುಕೊಟ್ಟರು: ‘ನಾಲ್ಕೂ ಆರೋಗ್ಯವಾಗಿವೆ, ಗಬ್ಬವಾಗಿವೆ, ಮಿರ್ಗದ ಮಳೆಗೆ ಈಯುತ್ತವೆ.’ ನಾನು ಕುಣಿಯುತ್ತ ಬಂದು ಕೊಟ್ಟೆ. ಅಮಿತ ಅದನ್ನು ಹಾಗೆಯೇ ತುಂಬಿದ. ಕಂಪ್ಯೂಟರು ಕೂಡಲೇ ಕೆಂಪಾಯಿತು: ತುಂಬು ಗಬ್ಬದ ಪ್ರಾಣಿಗಳನ್ನು ಸಾಗಿಸುವುದು ನಿಷಿದ್ಧ. ಮಾನ್ಯರೇ, ನಾಲ್ಕು ಮುಡೆ ಭತ್ತದ ಬಾಣಂತನದ ಬಗ್ಗೆ ಇಷ್ಟು ಕಾಳಜಿಯನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ಅಷ್ಟರಲ್ಲಿ ವ್ಯಾಗನ್ ಹೊರಟಿತು. ಏನೂ ಇಲ್ಲದೆ, ಬಾಗಿಲು ಮುಚ್ಚಿ, ಮುದ್ರೆ ಒತ್ತಿಸಿಕೊಂಡು, ನಮ್ಮ ಕಣ್ಣೆದುರೇ ಹೊರಟಿತು. ಬುಧವಾರ ತಪ್ಪಬಾರದು ಎಂದು ಕರಾರಿನಲ್ಲಿದೆ, ಒಳಗೆ ಏನಾದರೂ ಇರಬೇಕು ಎಂದು ಇಲ್ಲವಂತೆ. ಕರ್ತವ್ಯವನ್ನು ಇಷ್ಟು ಹಗುರಾಗಿ ಹೊತ್ತವರನ್ನು ಸನ್ಮಾನಿಸಲು ಶಾಲು ತಂದಿಟ್ಟಿದ್ದೇನೆ. ತಾವು ದುಂಡಗಿಲ್ಲದಿದ್ದರೆ ಹೊದಿಸಬಹುದು.

ಮಿರ್ಗಕ್ಕೆ ನಾಲ್ಕೇ ದಿನ ಉಳಿದಿತ್ತು. ಮಾಸ್ತಮ್ಮ ಟೆಂಪೊದಿಂದ ಇಳಿದು, ಸೆರಗಿನ ಸಿಂಬಿ ಸುತ್ತಿ, ಒಂದು ಮುಡೆಯನ್ನು ತಲೆಗೆ ಏರಿಸಿ, “ಟಿಕೇಟು ತೆಗಿ ತಮ್ಮಾ” ಎಂದಳು. ಬಡಗು ದಿಕ್ಕಿನ ರೈಲಿನ ಜನರಲ್ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೆ ಮುಡೆಗಳನ್ನು ಇಳಿಸಿದ ಕೂಡಲೇ, ನಿಂತಿದ್ದ ನಾಲ್ವರು ಅವುಗಳ ಮೇಲೆ ಕೂತು, ಮೆತ್ತಗಿದೆ ಎಂದು ಮೆಚ್ಚಿದರು. ಟಿಕೇಟು ತಪಾಸಣೆಯವರು ಬಂದು ಇದೆಂಥದ್ದು ಎಂದರು. “ಬೀಜ. ಕೂತ್ಕಳಿ, ದಣದೀರಿ” ಎಂದು ಮಾಸ್ತಮ್ಮ ಒಬ್ಬನನ್ನು ಎಬ್ಬಿಸಿದಳು. ಅವರು ಕೂತು, ಲಗೇಜಿನ ಚೀಟಿ ಹರಿದು, ಸರಕಿನ ಹೆಸರು ಎಂಬಲ್ಲಿ ‘ಭತ್ತ’ ಎಂದು ಒಂದೇ ಪದ ಬರೆದರು. ಅಷ್ಟೇ ಬೇಕಿತ್ತು.

ತಮ್ಮ ವ್ಯಾಗನ್ನಿನಷ್ಟೇ ಕರಾರುವಾಕ್ಕಾದ ವಿಶ್ವಾಸಿ,
ದೇವಿದಾಸ, ಅವರ್ಸಾ

ವಿ. ಸೂ.: ಲಾಭದ ಬಾಬ್ತು ಬಾಕಿ ಉಳಿಯಿತು. ಉಮಾಳಿಗೆ ಗದ್ದೆ ತುಂಬ ಸಸಿ. ಮಾಸ್ತಮ್ಮನಿಗೆ, ಮಗಳ ಮದುವೆಯ ನಂತರ ಮೊದಲ ಸಲ, ಅವಳ ಮನೆಯಲ್ಲಿ ಎಂಟು ದಿನ. ನನಗೆ ಉಮಾಳ ನೆರೆಯವರಿಂದ ಬರುವ ವರ್ಷಕ್ಕೆ ಹನ್ನೆರಡು ಮುಡೆಯ ಗಿರಾಕಿ. ತಮಗೆ ಒಂದು ಖಾಲಿ ವ್ಯಾಗನ್, ಹೊತ್ತಿಗೆ ಸರಿಯಾಗಿ.