ಪರದೆ ಹಿಂದಿನ ಏಳನೇ ಸಾಕ್ಷಿ

ಘಾಟಬೋರಾಳದ ದರ್ಜಿ ದತ್ತಾತ್ರಿಗೆ ದೇವರು ಕೈಗೊಂದು ಸೂಜಿ ಕೊಟ್ಟು, ಊರವರೆಲ್ಲರ ಗಂಟಲನ್ನೂ ಕೊಟ್ಟಿದ್ದ. ಸೂಜಿಯಿಂದ ಹೊಟ್ಟೆ ತುಂಬಲಿಲ್ಲ, ಗಂಟಲಿನಿಂದ ಕೆಟ್ಟ.

ಪಟೇಲ ಮಹಾರುದ್ರಪ್ಪನವರ ಮನೆಯ ಹನ್ನೊಂದು ಮಂದಿಗೆ ಅವನು ವರ್ಷವಿಡೀ ಬಿಟ್ಟಿ ಹೊಲಿಯಬೇಕಿತ್ತು. ಊರಿಗೆ ಸರಕಾರದವರು ಯಾರೇ ಬರಲಿ, ಅವರ ಅಂಗಿಯೂ ಅವನ ಪಾಲಿಗೇ. ಅವನು ಪಟೇಲರ ಬಟ್ಟೆಗೆ ಹೊಲಿಗೆ ಹಾಕಿದರೆ, ಪಟೇಲರು ಅವನ ಬಾಯಿಗೆ ಹಾಕಿದ್ದರು. ಹೆಂಡತಿ ಯಶೋದಾಬಾಯಿಯ ಮುಂದೆ ಮಾತ್ರ ಆ ಹೊಲಿಗೆ ಬಿಚ್ಚಿಕೊಳ್ಳುತ್ತಿತ್ತು. ಮೂಗಿನಿಂದ ಹೊರಟು, ನಡುವೆ ಎರಡು ಸಲ ಕೆಮ್ಮಿ, "ತಿಳೀತಿಲ್ಲೋ?" ಎಂದು ಮುಗಿಯುವ ಪಟೇಲರ ಮಾತನ್ನು ಅವನು ದಿನಾ ಆಡಿ ತೋರಿಸಿದರೆ, ಆಕೆ ರೊಟ್ಟಿ ಬಡಿಯುವುದನ್ನೇ ಮರೆಯುತ್ತಿದ್ದಳು.

ಅಂಥದರಲ್ಲಿ, ಬಿಟ್ಟಿ ದುಡಿಮೆಯ ವಿಚಾರಣೆಗೆಂದು ಆಗಿನ ಹೈದರಾಬಾದ್ ರಾಜ್ಯದ ಶಾಸನಸಭೆಯ ಕಮಿಟಿಯೊಂದು ಹುಮನಾಬಾದಿಗೆ ಬಂತು. ಸಾಕ್ಷಿಗಳ ಹೆಸರು ಕೇಳುವುದಿಲ್ಲ, ಮುಖ ನೋಡುವುದಿಲ್ಲ, ಕೂದಲು ಕೊಂಕದಂತೆ ಕಾಯುತ್ತೇವೆ ಎಂದು ಡಂಗುರ ಸಾರಿಸಿತು.

"ಮಾರಿ ಮುಚ್ಚಿದ್ರ ಏನಾಯ್ತು, ದನಿ ಮುಚ್ಚಾಕ ಆಗ್ತದೇನು?" ಎಂದಳು ಯಶೋದಾಬಾಯಿ. "ಹೊರಗ ಪಟೇಲ್ರ ಆಳು ಕುಂತಿರ್ತಾರ. ಬ್ಯಾರೆ ಯಾರದರೆ ದನೀಲೆ ಮಾತಾಡ್ರಿ."

ಬೆಳಗಿನ ಮೋಟಾರಿನಲ್ಲಿ ಪಕ್ಕದ ಮನೆಯ ಸಂಗಮ್ಮ ಎಲ್ಲಿಗೆ, ಯಾಕೆ ಎಂದು ಕೆದಕಿದಳು. ದಾರ ತರಲಿಕ್ಕೆ ಎಂದ. ಹಾಗಾದರೆ ತನಗೂ ನಾಲ್ಕು ಗುಂಡಿ ತಾ ಎಂದಳು. ಇಳಿಯುವಷ್ಟರಲ್ಲಿ ಅರ್ಧ ಮೋಟಾರು ಗುಂಡಿ ತರಲು ಹೇಳಿತ್ತು.

ಹುಮನಾಬಾದಿನಲ್ಲಿ ಪ್ರಯಾಣಿಕರು ತಂಗುವ ಮುಸಾಫಿರಖಾನೆಯ ಕೋಣೆಯಲ್ಲಿ ಘೋಷಾ ಹೆಂಗಸರಿಗೆ ಕಟ್ಟುವಂಥ ಪರದೆ ಕಟ್ಟಿದ್ದರು. ಹಿಂಬಾಗಿಲಿನಿಂದ ಹೊಕ್ಕ ದತ್ತಾತ್ರಿ ಏಳನೇ ಸಾಕ್ಷಿ. ಪರದೆಯಾಚೆ ಕಮಿಟಿಯ ಅಧ್ಯಕ್ಷ ಸೈಫುದ್ದೀನ್ ಸಾಹೇಬರು "ಹೇಳ್ರಿ" ಎಂದದ್ದೇ ತಡ, ಅವನ ಕಾಲು ಹೊಲಿಗೆ ಯಂತ್ರದಂತೆ ಕುಣಿಯತೊಡಗಿತು. ಅಂಜಿದ ಗಂಟಲಿಗೆ ಬೇರೆ ಯಾರ ದನಿಯೂ ಸಿಗಲಿಲ್ಲ. ದಿನದ ರೂಢಿಯದೇ ಮೂಗಿನಿಂದ ಹೊರಟಿತು.

"ನಮ್ಮೂರ ಪಟೇಲ ದರ್ಜಿ ಕಡಿಂದ ಬಿಟ್ಟಿ ಹೊಲಿಸ್ಕೊಳ್ಳಾಕತ್ತಾನ್ರಿ." ಎರಡು ಕೆಮ್ಮು. "ಹನ್ನೊಂದು ಮಂದಿದು. ತಿಳೀತಿಲ್ಲೋ?"

ಹತ್ತಿದ ದನಿ ಬಿಡಲಿಲ್ಲ. ಅರ್ಧ ಗಂಟೆ ಪಟೇಲರ ದನಿಯಲ್ಲೇ ಪಟೇಲರನ್ನು ಝಾಡಿಸಿದ. ಮುಚ್ಚಿದ ಬಾಗಿಲಾಚೆ ಬರೀ ಕೆಮ್ಮು ಕೇಳಿಸಿಕೊಂಡ ಪಟೇಲರ ಆಳುಗಳು ರೂಢಿಯಂತೆ ಎದ್ದು ನಿಂತರು. ಹೊರಬಿದ್ದಾಗ ದತ್ತಾತ್ರಿ ಗುಂಡಿ ಬಿಚ್ಚಿದ ಅಂಗಿಯಷ್ಟು ಹಗುರಾಗಿದ್ದ.

ಅವನು ಹಿಂಬಾಗಿಲು ದಾಟಿದ ಹೊತ್ತಿಗೆ, ಮುಂಬಾಗಿಲಿನಿಂದ ಮಹಾರುದ್ರಪ್ಪನವರು ಸಲಾಮಿಗೆ ಬಂದರು.

"ನಾ ಘಾಟಬೋರಾಳ ಪಟೇಲ್ರಿ." ಎರಡು ಕೆಮ್ಮು. "ನಮ್ಮೂರಾಗ ಬಿಟ್ಟಿಗಿಟ್ಟಿ ಏನೂ ಇಲ್ಲ. ತಿಳೀತಿಲ್ಲೋ?"

ಸಾಹೇಬರ ಕಣ್ಣು ತುಂಬಿ ಬಂತು. ತನ್ನ ಮೇಲೆ ತಾನೇ ಸಾಕ್ಷಿ ನುಡಿದು, ಈಗ ಮಂದಿಯೆದುರು ಹೆದರಿ ಮಾತು ಬದಲಿಸುವ ಬಡಪಾಯಿ! ಸಾಕ್ಷಿಯ ಗುಟ್ಟು ಒಡೆಯುವಂತಿಲ್ಲವಾದ್ದರಿಂದ, "ಎಲ್ಲಾ ತಿಳೀತು, ಅಂಜಬ್ಯಾಡ್ರಿ" ಎಂದಷ್ಟೇ ಹೇಳಿ ಪಟೇಲರ ಕೈ ಒತ್ತಿದರು.

ಸಂಜೆ ಪಟೇಲರ ಮನೆಯಿಂದ ದತ್ತಾತ್ರಿಗೆ ಕರೆ ಬಂತು. ಗುಟ್ಟು ರಟ್ಟಾಯಿತೆಂದುಕೊಂಡು ಹೋದರೆ, ಕಟ್ಟೆಯ ಮೇಲೆ ಬಂದೂಕು ಹಿಡಿದ ಇಬ್ಬರು ಜವಾನರು. ನಡುವೆ ಮದುಮಗನಂತೆ ಪಟೇಲರು.

"ಸರಕಾರ ನನ್ನ ಕಾಯಾಕ ಆರು ತಿಂಗಳು ಕಳಿಸ್ಯದ. ಯಾಕಂತ ನನಗೂ ಗೊತ್ತಿಲ್ಲ," ಎಂದರು. "ಇವರ ಅಂಗಿ ಹರದಾವ, ಅಳತಿ ತಗೋ. ಗುಂಡಿ ಹ್ಯಾಂಗೂ ತಂದೀಯಂತ, ಸಂಗಮ್ಮ ಹೇಳ್ಯಾಳ. ತಿಳೀತಿಲ್ಲೋ?"

ಅಳತೆಗೆ ತೋಳೆತ್ತಿ ನಿಂತ ಜವಾನ ಪೀರ್ ಪಾಷಾ ಮೆಲ್ಲಗೆ ಬಗ್ಗಿದ. "ಪಟೇಲ್ರ ಮ್ಯಾಲ ಯಾರರೆ ಚಕಾರ ಎತ್ತಿದ್ರ ಹಿಡಕೊಂಡು ಬಾ ಅಂತ ಹುಕುಂ ಅದ. ಅಂಥವರು ಯಾರರೆ ಅದಾರೇನೋ ಊರಾಗ?"

ದತ್ತಾತ್ರಿ ಗುಂಡುಸೂಜಿಗಳನ್ನು ತುಟಿಯ ನಡುವೆ ಇನ್ನಷ್ಟು ಬಿಗಿಯಾಗಿ ಕಚ್ಚಿಕೊಂಡು, ಇಲ್ಲವೆಂದು ತಲೆಯಾಡಿಸಿದ.