ಯರಗುಪ್ಪಿಯಲ್ಲಿ ಐಸ್ ರಿಲೇ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲ. ನಿವೃತ್ತ ಮಾಸ್ತರನಿಗೆ ಅದು ಶೋಭಿಸುವುದೂ ಇಲ್ಲ. ಹೀಗಾಗಿ ಬಾಜು ಮನೆಯ ಹತ್ತಿ ವ್ಯಾಪಾರಿ ರಾಜೇಸಾಬನ ಮಗಳು ರೇಷ್ಮಾ ಐಸ್ ಸ್ಕೇಟಿಂಗ್ ರಿಲೇಗೆಂದು ಭಾರತದ ತಂಡದೊಂದಿಗೆ ವಿದೇಶಕ್ಕೆ ಹೋದಾಗ, ಆ ಆಟವನ್ನು ಯರಗುಪ್ಪಿಗೆ ವಿವರಿಸುವ ಹೊಣೆಯನ್ನು ನಾನೇ ಹೊತ್ತೆ. ಯಾರೂ ಕೇಳಿರಲಿಲ್ಲ!

ಹುಡುಗಿ ಹುಬ್ಬಳ್ಳಿಯ ಸೋದರಮಾವನ ಮನೆಯಲ್ಲಿದ್ದು ಗಾಲಿ ಬೂಟಿನಲ್ಲಿ ಓಡಲು ಕಲಿತವಳು. ಆಮೇಲೆ ಮಂಜುಗಡ್ಡೆಗೆ ದಾಟಿದ್ದಳು.

ಸ್ಪರ್ಧೆಯ ದಿನ ರಾಜೇಸಾಬ, ಅವನ ಹೆಂಡತಿ ಮೆಹಬೂಬಿ ನಮ್ಮ ಪಡಸಾಲೆಯ ದೊಡ್ಡ ಟಿವಿ ಮುಂದೆ ಕುಳಿತರು. ಮೆಹಬೂಬಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು. ನಾನು ಧೈರ್ಯ ಹೇಳಿದೆ.

"ಚಿಂತಿ ಮಾಡಬ್ಯಾಡ್ರಿ ವೈನಿ. ಬೂಟಿನ ಕೆಳಗ ಇರೂದು ಒಂದು ಬ್ಲೇಡು. ಕುಡಗೋಲಿಗಿಂತ ಸ್ವಲ್ಪ ಹರಿತ, ಅಷ್ಟ!"

"ಯಾ ಅಲ್ಲಾ!"

"ನೀವು ಸುಮ್ಮನ ಕುಂತ್ರ ಅವರಿಗೆ ಧೈರ್ಯ ಬರ್ತೈತ್ರಿ," ಎಂದಳು ಅಡುಗೆಮನೆಯಿಂದ ನನ್ನ ಹೆಂಡತಿ ಶಾಂತಾ.

ಓಟ ಶುರುವಾಯಿತು. ನೀಲಿ ಅಂಗಿಯ ರೇಷ್ಮಾ ಕಾಣಿಸಿಕೊಳ್ಳುತ್ತಿದ್ದಂತೆ ಹಿಂದಿನಿಂದ ಒಬ್ಬಳು ಬಂದು ಅವಳ ಸೊಂಟಕ್ಕೆ ಎರಡೂ ಕೈ ಕೊಟ್ಟು ದಬ್ಬಿದಳು.

ನಾನು ಎದ್ದು ನಿಂತೆ. "ಮೋಸ! ದಬ್ಬಿದ್ಲು! ಫೌಲ್!"

"ಮಾಸ್ತರ್ರ, ದಬ್ಬಿದಾಕಿನೂ ನಮ್ಮಾಕೀನರಿ," ಎಂದ ರಾಜೇಸಾಬ. "ಇದರಾಗ ಕೋಲು ಕೊಡೂದಿಲ್ಲಂತ. ಮುಂದಿನಾಕೀನ ದಬ್ಬಿ ಬಿಡ್ತಾರಂತ. ರೇಷ್ಮಾನ ಹೇಳಿದ್ಲು."

"ನಾನೂ ಅದನ್ನ ಹೇಳಾಕತ್ತಿದ್ದೆ!"

ಮಾನ ಉಳಿಯಬೇಕಾದರೆ ಪ್ರಾತ್ಯಕ್ಷಿಕೆ ಅನಿವಾರ್ಯವಾಯಿತು. ಕಾಲಿಗೆ ಉಣ್ಣೆಯ ಕಾಲುಚೀಲ, ಕೆಳಗೆ ನುಣುಪು ಟೈಲ್ಸ್. ಸೊಂಟ ಬಗ್ಗಿಸಿ ನಿಂತೆ.

"ದಬ್ಬೋ ರಾಜೇಸಾಬ. ಸಾವಕಾಶ."

ಹತ್ತಿ ತುಂಬಿದ ದೊಡ್ಡ ಚೀಲಗಳನ್ನು ದಬ್ಬಿ ರೂಢಿಯಾದ ಕೈಗೆ ಸಾವಕಾಶ ಎಂದರೇನು ತಿಳಿದೀತು! ನಾನು ಟೀಪಾಯಿ ದಾಟಿದೆ. ಚಹಾ ತರುತ್ತಿದ್ದ ಶಾಂತಾ ಗೋಡೆಗೆ ಅಂಟಿಕೊಂಡು ಪಾರಾದಳು. ಟಿವಿಯ ವಯರುಗಳು ಪಾರಾಗಲಿಲ್ಲ. ಪರದೆ ಆರುವ ಮುಂಚೆ ಕಂಡದ್ದು ಒಂದೇ: ನೀಲಿ ಅಂಗಿಯೊಂದು ಜಾರಿ ಹೋಗಿ ಗೋಡೆಗೆ ಬಡಿದದ್ದು.

"ನನ್ನ ಕೂಸು!" ಮೆಹಬೂಬಿ ಅಳತೊಡಗಿದಳು.

ಬಿದ್ದಲ್ಲಿಂದಲೇ ಕೈಗೆ ಸಿಕ್ಕ ವಯರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿದೆ. ಫಟ್ ಎಂದಿತು. ಇಡೀ ಮನೆಯ ಕರೆಂಟು ಹೋಯಿತು!

ರಾಜೇಸಾಬ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗಳ ಓಟ ನೋಡಲು ಅಂಗಡಿ ಮುಚ್ಚಿ ಬಂದವನು ಕಪ್ಪು ಪರದೆಯನ್ನೇ ನೋಡುತ್ತ ಕುಳಿತಿದ್ದ. ನನಗೆ ನೆಲದೊಳಗೇ ಇಳಿದುಹೋಗಬೇಕೆನಿಸಿತು. ಅರ್ಧ ಇಳಿದೂ ಇದ್ದೆ.

ಆಗ ಅವನ ಫೋನು ರಿಂಗಾಯಿತು. ಶಾಂತಾ ಕಸಿದುಕೊಂಡು ಸ್ಪೀಕರ್ ಹಾಕಿದಳು.

"ಅಮ್ಮಿ, ನೋಡಿದ್ರಿ? ಫೈನಲ್‌ಗೆ ಬಂದ್ವಿ!"

"ನೀ ಬಿದ್ದೆಲ್ಲ ಬೇಟಾ?"

"ನಾ ಎಲ್ಲಿ ಬಿದ್ದೆ? ಬಾಜು ಟೀಮಿನಾಕಿ ಬಿದ್ಲು, ಆಕಿದೂ ನೀಲಿ ಅಂಗಿ. ಆಕಿಗೂ ಏನೂ ಆಗಿಲ್ಲ. ಅಲ್ಲಿ ನರಳಾಕತ್ತವರು ಯಾರು?"

ಮೆಹಬೂಬಿ ನಕ್ಕಳು, ಮತ್ತೆ ಅತ್ತಳು, ಶಾಂತಾಳನ್ನು ತಬ್ಬಿಕೊಂಡಳು. ರಾಜೇಸಾಬ ನನ್ನ ಪಕ್ಕ ನೆಲದ ಮೇಲೆಯೇ ಕುಳಿತು ಹೆಗಲ ಮೇಲೆ ಕೈ ಹಾಕಿದ. ನನ್ನ ಎದೆಯ ಭಾರ ಇಳಿಯಿತು. ಮೊಳಕಾಲಿನ ಬಾವು ಮಾತ್ರ ಏರಿತು!

ಸಂಜೆ ಕುಂದಗೋಳದ ಡಾಕ್ಟರು ಮೊಳಕಾಲು ಒತ್ತಿ ನೋಡಿದರು. "ಹೆಂಗ ಬಿದ್ರಿ?"

"ಅಂತಾರಾಷ್ಟ್ರೀಯ ರಿಲೇ ಓಟದಾಗ್ರಿ," ಎಂದೆ ಗಂಭೀರವಾಗಿ.

ಡಾಕ್ಟರು ಶಾಂತಾಳ ಮುಖ ನೋಡಿದರು.

"ಪಡಸಾಲ್ಯಾಗ ಜಾರಿ ಬಿದ್ದಾರ್ರಿ," ಎಂದಳು ಅವಳು. "ಕಾಲು ಆಮ್ಯಾಲ ನೋಡೀರಂತ. ಮೊದಲ ತಲಿ ನೋಡ್ರಿ."